ಆರಿಸಿ ಕೊಟ್ಟ ಹಾಲು

"ಗುರುಗಳೇ, ನಾಲ್ಕು ವರ್ಷದ ಮಗುವಿಗೆ ಸಿಟ್ಟು ಬಂದರೆ ಅದನ್ನು ಇಳಿಸುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಅವಳು ಚಿಕ್ಕ ಮಕ್ಕಳ ಶಾಲೆ ನಡೆಸುತ್ತಿದ್ದಳು. ಗುರುಗಳು ಒಂದೂರಲ್ಲಿ ನಿಲ್ಲುವ ಜನವಲ್ಲ. ಆ ವಾರ ಅವಳ ಊರಿನ ಛತ್ರದಲ್ಲಿ ಇಳಿದಿದ್ದರು. ಶಾಲೆಯ ಬಾಗಿಲು ತೆಗೆಯುವ ಮೊದಲು ಕೇಳಿಕೊಂಡು ಹೋಗೋಣ ಎಂದು ಅವಳು ಬೆಳಿಗ್ಗೆಯೇ ಓಡಿಬಂದಿದ್ದಳು.

"ಉಸಿರು ನೋಡಿಕೊಂಡು ಕೂರುವುದನ್ನು ನಿಮ್ಮಿಂದ ಕಲಿತೆ. ಅದನ್ನೇ ಮಕ್ಕಳಿಗೂ ಹೇಳಿಕೊಟ್ಟೆ. ಉಳಿದವು ಹೇಗೋ ಕೂರುತ್ತವೆ. ಒಬ್ಬಳು ಮಾತ್ರ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ನನ್ನ ಕೈಲಾಗದು. ಇವತ್ತೇ ಅವಳನ್ನು ಶಾಲೆಯಿಂದ ಬಿಡಿಸಿಬಿಡೋಣ ಅಂತಿದ್ದೀನಿ."

ಗುರುಗಳು ಅವಳಿಗೆ ಒಂದು ಲೋಟ ಕಷಾಯ ಕೊಟ್ಟರು. ಅದು ಹಬೆಯಾಡುತ್ತಿತ್ತು. ಅವಳು ಪಕ್ಕದಲ್ಲಿದ್ದ ಖಾಲಿ ಲೋಟ ಎತ್ತಿಕೊಂಡು, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಸುರಿದು ಆರಿಸಿ, ಗಟಗಟ ಕುಡಿದು ಕೆಳಗಿಟ್ಟಳು.

"ಬೇಗ ಹೇಳಿ ಗುರುಗಳೇ."

ಗುರುಗಳು ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬಳು ಅಂಗನವಾಡಿ ಟೀಚರ್. ಒಳ್ಳೆಯವಳು, ಕೆಲಸದಲ್ಲಿ ಚುರುಕು. ಬೆಳಿಗ್ಗೆ ಮಕ್ಕಳಿಗೆ ಹಾಲು ಕೊಡಬೇಕು. ಬಿಸಿ ಹಾಲು ಕೊಟ್ಟರೆ ಹೊತ್ತು ಹೋಗುತ್ತದೆ, ಚಾಪೆಯ ಮೇಲೆ ಚೆಲ್ಲುತ್ತದೆ. ಅದಕ್ಕೆ ಅವಳು ಕಾದ ಹಾಲನ್ನು ಅಗಲವಾದ ಬೋಗುಣಿಗೆ ಸುರಿದು, ಸೌಟಿನಲ್ಲಿ ಎತ್ತೆತ್ತಿ ಹೊಯ್ದು, ಪೂರ್ತಿ ಆರಿಸಿಯೇ ಕೊಡುತ್ತಿದ್ದಳು. ಮಕ್ಕಳು ಒಂದೇ ಉಸಿರಿಗೆ ಕುಡಿದು ಲೋಟ ಇಡುತ್ತಿದ್ದವು. ಆಮೇಲೆ ಉಸಿರಿನ ಪಾಠ. ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ಉಸಿರು ಬರುವುದನ್ನೂ ಹೋಗುವುದನ್ನೂ ನೋಡಬೇಕು.

ಆ ಮಕ್ಕಳಲ್ಲಿ ಮೈಲಾರಿ ಎಂಬ ಹುಡುಗನಿದ್ದ. ಸಿಟ್ಟು ಬಂದರೆ ಕಚ್ಚುತ್ತಿದ್ದ.

"ಮೈಲಾರಿ, ಕಣ್ಣು ಮುಚ್ಚು. ಉಸಿರು ನೋಡು," ಎಂದು ಟೀಚರ್ ಹೇಳುವಳು.

"ಕಣ್ಣು ಮುಚ್ಚಿದ್ರೆ ಹೆಂಗ್ ನೋಡ್ಲಿ?" ಎಂದು ಅವನು ಕಿರುಚುವನು.

ಉಳಿದವರು ನಗುವರು. ನಕ್ಕವರನ್ನು ಅವನು ಕಚ್ಚುವನು.

ಒಂದು ದಿನ ಅಂಗಡಿಯವನ ಮಗಳ ತೋಳಿನಲ್ಲಿ ಹಲ್ಲಿನ ಗುರುತು ಮೂಡಿತು. ಅಂಗಡಿಯವನು ಬಂದು, "ಇಲ್ಲಿ ಅವನಿರಬೇಕು, ಇಲ್ಲಾ ನನ್ನ ಮಗಳಿರಬೇಕು" ಎಂದು ಹೇಳಿಹೋದ. ಟೀಚರ್ ಮೈಲಾರಿಯ ತಾಯಿಯನ್ನು ಕರೆಸಿದಳು. ಆಕೆ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವವಳು.

"ಇನ್ನೊಂದು ಸಲ ಕಚ್ಚಿದರೆ ಇವನನ್ನ ಕಳಿಸಬೇಡಮ್ಮ."

"ಎಲ್ಲಿ ಬಿಡ್ಲಿ ಟೀಚರಮ್ಮ? ಭಟ್ಟಿ ಮುಂದೆ ಕೂರಿಸ್ಲಾ? ಅಲ್ಲಿ ಬೆಂಕಿ, ಕಾದ ಉಸುಕು. ಇವ್ನು ಒಂದ್ಕಡೆ ನಿಲ್ಲೋನಲ್ಲ."

"ಹಾಗಾದರೆ ನೀನೇ ಬುದ್ಧಿ ಹೇಳು."

"ನನ್ನೂ ಕಚ್ತಾನೆ," ಎಂದಳು ತಾಯಿ.

ಕೆಲವು ದಿನ ಕಳೆದವು. ಪಕ್ಕದ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಬೋಗುಣಿಯನ್ನು ಅಲ್ಲಿಗೆ ಒಯ್ದವರು ವಾಪಸು ಕೊಟ್ಟಿರಲಿಲ್ಲ. ಹಾಲು ಕಾದಿತ್ತು, ಮಕ್ಕಳು ಸಾಲಾಗಿ ಕೂತಿದ್ದವು. ಟೀಚರ್ ಪಕ್ಕದ ಮನೆಯವರನ್ನು ಮನಸ್ಸಿನಲ್ಲೇ ಬೈದುಕೊಂಡು ಸ್ವಲ್ಪ ಹೊತ್ತು ಕಾದಳು. ನಾಲಿಗೆ ಸುಡದಷ್ಟಾದ ಮೇಲೆ, ಹಬೆಯಾಡುತ್ತಿರುವಾಗಲೇ, ಲೋಟಗಳಿಗೆ ಹಾಕತೊಡಗಿದಳು.

ಮೈಲಾರಿ ಕೈ ತೊಳೆದು ಬರುವಷ್ಟರಲ್ಲಿ ಅಂಗಡಿಯವನ ಮಗಳು ಅವನ ಜಾಗದಲ್ಲಿ ಕೂತಿದ್ದಳು.

"ಏಳೇ! ನನ್ ಜಾಗ!"

"ನಿನ್ ಹೆಸರು ಬರ್ದೈತಾ?"

ಮೈಲಾರಿಯ ಮುಖ ಕೆಂಪಾಯಿತು. ಬಾಯಿ ತೆರೆಯಿತು. ಟೀಚರ್‌ಗೆ ಎಲ್ಲ ಕಾಣುತ್ತಿತ್ತು. ಆದರೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ತುಂಬಿದ ಲೋಟ. ಬಾಗಿ ಹಿಡಿಯುವಂತಿಲ್ಲ, ಕೂಗಿದರೆ ಮಕ್ಕಳು ಬೆಚ್ಚಿ ಹಾಲು ಚೆಲ್ಲುತ್ತವೆ. ಅವಳು ಲೋಟವನ್ನೇ ಅವನ ಮುಂದೆ ಹಿಡಿದಳು.

"ಮೈಲಾರಿ, ಬಿಸಿ ಐತೆ. ಎರಡೂ ಕೈ ಕೊಡು."

ಅವನು ಬಿಸಿ ತಾಗದಂತೆ ಅಂಗಿಯ ತುದಿ ಅಡ್ಡ ಹಿಡಿದು, ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. ಕೈ ಎರಡೂ ಕೆಲಸಕ್ಕೆ ಬಿದ್ದವು. ನಿಂತಲ್ಲೇ ಕೂತು ಊದಿದ. ಮೊದಲ ಊದು ಸಿಟ್ಟಿನದು. ಹಾಲು ಚಿಮ್ಮಿ ಅವನ ಮೂಗಿಗೇ ಬಿತ್ತು. ಆಮೇಲೆ ಮೆಲ್ಲಗೆ ಊದಿದ. ಕೆನೆ ಸುಕ್ಕಾಗಿ ಆಚೆ ಸರಿಯಿತು, ಊದು ನಿಂತೊಡನೆ ಹಿಂದಕ್ಕೆ ಬಂತು. ಅವನು ಅದನ್ನೇ ನೋಡಿದ. ಮತ್ತೆ ಊದಿದ, ಮತ್ತೆ ನೋಡಿದ.

ಸುತ್ತಲೂ ಉಫ್ ಉಫ್ ಎಂಬುದು ಬಿಟ್ಟರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೈಲಾರಿ ತಿರುಗಿ ಅಂಗಡಿಯವನ ಮಗಳ ಲೋಟಕ್ಕೆ ಇಣುಕಿದ.

"ನಿಂದಿನ್ನೂ ಆರಿಲ್ಲ ಕಣೇ. ಊದು," ಎಂದ.

ಟೀಚರ್ ಸೌಟು ಹಿಡಿದು ನಿಂತೇ ಇದ್ದಳು. ಈ ಮಕ್ಕಳ ಪಾಲಿನ ಪಾಠವನ್ನು ಇಷ್ಟು ದಿನ ತಾನೇ ಬೋಗುಣಿಯಲ್ಲಿ ಮಾಡಿ ಮುಗಿಸುತ್ತಿದ್ದೆ ಎಂದು ಅವಳಿಗೆ ಹೊಳೆಯಿತು.

ಮರುದಿನ ಬೋಗುಣಿ ವಾಪಸು ಬಂತು. ಅವಳು ಅದನ್ನು ಅಟ್ಟಕ್ಕೆ ಹಾಕಿದಳು. ಹಾಲು ಕುಡಿಯುವ ಕೆಲಸ ನಿಧಾನವಾಯಿತು. ಚಾಪೆಗೆ ಕಲೆಯೂ ಆಯಿತು. ಹಾಲಿಲ್ಲದ ಹೊತ್ತಿನಲ್ಲಿ ಮೈಲಾರಿಗೆ ಸಿಟ್ಟು ಬಂದರೆ ಅವಳು ಎದುರಿಗೆ ಕೂತು, ತನ್ನ ಎರಡು ಕೈಯನ್ನೇ ಬಟ್ಟಲು ಮಾಡಿ ಹಿಡಿಯುತ್ತಿದ್ದಳು. "ಬಿಸಿ ಐತೆ," ಎನ್ನುತ್ತಿದ್ದಳು. ಅವನು ಊದುತ್ತಿದ್ದ. ಎಲ್ಲ ದಿನವೂ ಊದಿದ ಎಂದಲ್ಲ. ಒಮ್ಮೆ ಆ ಕೈಯನ್ನೇ ಕಚ್ಚಿದ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಅವನು ಅದನ್ನು ನೋಡಿದ. ಕಚ್ಚಿದ ಜಾಗಕ್ಕೆ ತಾನೇ ಊದಿದ.

ತಾಯಿ ಭಟ್ಟಿಗೆ ಹೋಗುತ್ತಲೇ ಇದ್ದಳು, ಒಬ್ಬಳೇ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಎದ್ದು ನಿಂತಿದ್ದಳು.

"ಹಾಗಾದರೆ ಇವತ್ತೇ ಆ ಹುಡುಗಿಗೂ ಬಿಸಿ ಹಾಲು ಕೊಟ್ಟು ನೋಡುತ್ತೇನೆ. ಎಷ್ಟು ದಿನಕ್ಕೆ ಸರಿಹೋಗುತ್ತಾಳೆ ಗುರುಗಳೇ?"

ಗುರುಗಳು ಅವಳ ಲೋಟಕ್ಕೆ ಮತ್ತೆ ಬಿಸಿ ಕಷಾಯ ಬಗ್ಗಿಸಿದರು. ಅವಳ ಕೈ ತಾನಾಗಿ ಪಕ್ಕದ ಖಾಲಿ ಲೋಟದ ಕಡೆ ಹೋಯಿತು.

"ಆ ಲೋಟ ನನ್ನ ಕಡೆ ಕೊಟ್ಟುಬಿಡು ತಾಯಿ," ಎಂದರು ಗುರುಗಳು.