ಎಲ್ಲ ಜಾಡಿಗೂ ಜೇನುತುಪ್ಪ

"ಕೇಳಿರಪ್ಪಾ ಕೇಳಿ! ಲೇಬಲ್ ಯಂತ್ರದ ಮೂರು ಒಗಟು ಬಿಡಿಸಿದವರಿಗೆ ಜಟ್ಟಿಂಗರಾಯ ಮಹಾರಾಜರು ಕೇಳಿದ್ದನ್ನು ಕೊಡುತ್ತಾರೆ. ತಪ್ಪು ಹೇಳಿದವರ ತಲೆ ಶುಕ್ರವಾರ ಹೋಗುತ್ತದೆ!"

ಡಂಗುರದವನ ಮಾತಿನಲ್ಲಿ ಮಡಿವಾಳರ ಮಾಚನಿಗೆ ಅರ್ಥವಾದದ್ದು ತಲೆಯ ವಿಷಯ ಮಾತ್ರ. ಆದರೂ ಅರಮನೆಗೆ ಹೊರಟ. ಅವನ ಅಕ್ಕ ಸಿಂಗಮ್ಮನ ತಲೆಯೂ ಅದೇ ಶುಕ್ರವಾರ ಹೋಗುವುದಿತ್ತು. ಉಗ್ರಾಣದಲ್ಲಿ ಲೇಬಲ್ ಯಂತ್ರದ ಗುಂಡಿ ಒತ್ತುವುದು ಅವಳ ಕೆಲಸ. ಮೊನ್ನೆ ಒತ್ತಿದಾಗ ಎಲ್ಲ ಜಾಡಿಗೂ 'ಜೇನುತುಪ್ಪ' ಎಂದೇ ಲೇಬಲ್ ಬಂತು. ಮಹಾರಾಜರು ಜೇನೆಂದು ಬಟ್ಟಲು ತುಂಬ ಹರಳೆಣ್ಣೆ ಕುಡಿದರು. ಆಮೇಲೆ ಏನಾಯಿತೆಂದು ನಾನು ಹೇಳುವುದಿಲ್ಲ, ಅವರ ಪಂಚೆ ಒಗೆದ ಮಾಚನಿಗೆ ಗೊತ್ತು.

ಸಭೆಯಲ್ಲಿ ಯಂತ್ರದ ಪಕ್ಕ ರಾಜಕುಮಾರಿ ಹೊನ್ನಾದೇವಿ ಕೂತಿದ್ದಳು. ಯಂತ್ರಕ್ಕೆ ಆಜ್ಞೆಯ ಸಾಲುಗಳನ್ನು, ಅಂದರೆ ಮ್ಯಾಕ್ರೋ, ಬರೆಯಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

"ನನ್ನ ಹೆಸರು ಬದಲಾಗುವುದಿಲ್ಲ, ಒಳಗಿರುವುದು ಬದಲಾಗುತ್ತದೆ. ಹೊಸತು ಬಂದರೆ ಹಳೆಯದಕ್ಕೆ ಜಾಗವಿಲ್ಲ. ನಾನು ಯಾರು?" ಎಂದಳು.

"ಹೊಟ್ಟೆ!" ಎಂದು ಸೇನಾಪತಿಯ ಮಗ ಎದೆಯುಬ್ಬಿಸಿದ. ಭಟರು ಅವನನ್ನು ಸೆರೆಗೆ ಎಳೆದೊಯ್ದರು.

"ಮಹಾರಾಜರ ಮನಸ್ಸು" ಎಂದರು ಆಸ್ಥಾನ ಪಂಡಿತರು. ಅವರನ್ನು ಇನ್ನೂ ಬೇಗ ಎಳೆದೊಯ್ದರು.

ಮಾಚನ ಸರದಿ ಬಂತು. ಅವನ ತಲೆ ಗಿರ್ರೆನ್ನುತ್ತಿತ್ತು. "ನಮ್ಮನೇಲಿ ಒಂದು ಬುಟ್ಟಿ ಐತೆ ತಾಯಿ. 'ಇವತ್ತಿನ ಮನೆ' ಅಂತೀವಿ. ಸೋಮವಾರ ಅದ್ರಲ್ಲಿ ಗೌಡರ ಮನೆ ಬಟ್ಟೆ. ಮಂಗಳವಾರ ಅದನ್ನ ತೆಗೆದು ಶೆಟ್ಟರ ಮನೇದು. ಬುಟ್ಟಿ ಹೆಸರು ಮಾತ್ರ ಅದೇ. ಅಂಥದ್ದಾ?"

"ಅಂಥದ್ದೇ. ಯಂತ್ರದ ಭಾಷೆಯಲ್ಲಿ ಅದು ವೇರಿಯಬಲ್."

ಮಾಚನಿಗೆ ಇದ್ದ ಗೊಂದಲ ಇಮ್ಮಡಿಯಾಯಿತು.

"ಎರಡನೆಯದು. ಏನೂ ತುಂಬದೆ, ಅದರೊಳಗಿರುವುದನ್ನು ಅಚ್ಚು ಹಾಕು ಎಂದರೆ ಲೇಬಲ್ ಮೇಲೆ ಬೀಳುವುದೇನು?"

"ನಾನೊಂದಿನ ಬಟ್ಟೆ ತುಂಬೋದೇ ಮರೆತು ಬುಟ್ಟಿ ಹೊತ್ಕೊಂಡು ಹೊಳೆಗೆ ಹೋಗಿದ್ದೆ" ಎಂದ ಮಾಚ ನಾಚಿಕೆಯಿಂದ. "ಒಗೆಯಕ್ಕೆ ಏನೂ ಇರ್ಲಿಲ್ಲ. ಲೇಬಲ್ಲೂ ಖಾಲಿ ಬರ್ತದೇನೋ?"

"ಖಾಲಿಯೇ." ರಾಜಕುಮಾರಿಯ ದನಿ ಯಾಕೋ ನಡುಗಿತು. "ಮೂರನೆಯದು. ಎಲ್ಲ ಜಾಡಿಗೂ ಜೇನುತುಪ್ಪ ಎಂದು ಬೀಳಲು ಕಾರಣ ಯಾರು?"

ಸಿಂಗಮ್ಮ ಎಂದುಬಿಟ್ಟರೆ ಸಭೆಯೆಲ್ಲ ತಲೆದೂಗುತ್ತಿತ್ತು. ಮಾಚನಿಗೆ ಅಳು ಬಂತು. "ಆ ಮ್ಯಾಕ್ರೋದಾಗೆ ಏನು ಬರೆದೈತೆ, ಓದಿ ಹೇಳಿ ತಾಯಿ."

"ಲೇಬಲ್ ತೆಗೆ. ಅದರ ಮೇಲೆ ಜೇನುತುಪ್ಪ ಎಂದು ಅಚ್ಚು ಹಾಕು" ಎಂದು ಓದಿದಳು.

"ಬುಟ್ಟಿ ಎಲ್ಲಿ?" ಮಾಚ ಕಕ್ಕಾಬಿಕ್ಕಿಯಾದ. "ಜಾಡೀಲಿರೋದನ್ನ ಬುಟ್ಟಿಗೆ ಹಾಕಿ, ಬುಟ್ಟೀಲಿರೋದನ್ನ ಅಚ್ಚು ಹಾಕು ಅನ್ಬೇಕಲ್ವಾ? ಬುಟ್ಟೀನೇ ಇಲ್ದಿದ್ರೆ ಅಕ್ಕ ಎಷ್ಟು ಒತ್ತಿದ್ರೂ ಜೇನುತುಪ್ಪಾನೇ. ಇದನ್ನ ಬರೆದೋರು..."

ಬರೆದವರು ಯಾರೆಂದು ಆಗ ಹೊಳೆಯಿತು. ಅಕ್ಕನ ಮುಖ ನೆನಪಾಯಿತು.

"ಬರೆದೋರು ತಾವೇ ತಾಯಿ."

ಭಟ ಕತ್ತಿ ಹಿರಿದ. ಹೊನ್ನಾದೇವಿ ಎದ್ದು ಅಡ್ಡ ನಿಂತಳು. "ಸರಿ ಉತ್ತರ! ಅಪ್ಪಾಜಿ, ಹೇಳಲು ಹೆದರಿದೆ. ನನ್ನ ಬದಲು ಯಾರಾದರೂ ಹೇಳಲಿ ಎಂದು ಒಗಟು ಕಟ್ಟಿದೆ" ಎಂದು ಅತ್ತಳು. ಯಂತ್ರದಲ್ಲಿ 'ಅಪರಾಧಿ' ಎಂಬ ವೇರಿಯಬಲ್ ಇತ್ತು, ಅದರೊಳಗೆ ಸಿಂಗಮ್ಮ ಎಂದಿತ್ತು. ಅದರಲ್ಲಿ ಯಾರ ಹೆಸರು ಬರುತ್ತದೋ ಅವರನ್ನೇ ಭಟರು ಹಿಡಿಯುತ್ತಿದ್ದರು. ರಾಜಕುಮಾರಿ ಅಲ್ಲಿ ತನ್ನ ಹೆಸರು ತುಂಬಿ ಗುಂಡಿ ಒತ್ತಿದಳು. ಲೇಬಲ್ ಹೊರಬಂತು. ಅಪರಾಧಿ: ಹೊನ್ನಾದೇವಿ. ಭಟರು ಅದನ್ನು ನೋಡಿ ಸಿಂಗಮ್ಮನನ್ನು ಸೆರೆಯಿಂದ ಬಿಟ್ಟರು.

ಮಹಾರಾಜರು ಕೈ ಕೈ ಹಿಸುಕಿಕೊಂಡರು. ಮಗಳನ್ನು ಕೊಲ್ಲುವುದೆಂತು, ಅಪರಾಧಿಯ ತಲೆ ತೆಗೆಯುವೆನೆಂದು ಕೊಟ್ಟ ಮಾತು ಬಿಡುವುದೆಂತು? "ನಿನಗೇನು ಬೇಕಪ್ಪಾ?" ಎಂದರು ಮಾಚನ ಕಡೆ ತಿರುಗಿ, ಸಣ್ಣ ದನಿಯಲ್ಲಿ.

ಅರ್ಧ ರಾಜ್ಯ ಕೇಳು ಎಂದು ಯಾರೋ ಹಿಂದಿನಿಂದ ತಿವಿದರು. ಮಾಚ ಬಿಕ್ಕುತ್ತಿದ್ದ ರಾಜಕುಮಾರಿಯನ್ನು ನೋಡಿದ.

"ಆ ಅಪರಾಧಿ ಬುಟ್ಟೀನ ಖಾಲಿ ಮಾಡ್ಸಿ ಸ್ವಾಮಿ."

ಮಹಾರಾಜರು ತಲೆಯಾಡಿಸಿದರು, ರಾಜಕುಮಾರಿ ಹೆಸರು ಅಳಿಸಿದಳು, ಯಂತ್ರ ಮತ್ತೊಂದು ಲೇಬಲ್ ಉಗುಳಿತು. ಅಪರಾಧಿ ಎಂದಿತ್ತು, ಮುಂದೆ ಏನೂ ಇರಲಿಲ್ಲ. ಶುಕ್ರವಾರ ಯಾರ ತಲೆಯೂ ಹೋಗುವುದಿಲ್ಲವೆಂದಾಗಿ ಸೇನಾಪತಿಯ ಮಗನೂ ಪಂಡಿತರೂ ಸೆರೆಯಿಂದ ಹೊರಬಂದರು. ಯಾವ ಜಾಡಿಯಲ್ಲಿ ಏನಿದೆಯೆಂದು ನೆಕ್ಕಿ ಹೇಳುವ ಕೆಲಸ ಅವರಿಗೆ ಸಿಕ್ಕಿತು.

"ಒಳಗೆ ಏನಾಯ್ತೋ?" ಎಂದಳು ಸಿಂಗಮ್ಮ ಹೆಬ್ಬಾಗಿಲಲ್ಲಿ.

"ನಂಗೂ ಸರಿಯಾಗಿ ಗೊತ್ತಿಲ್ಲ ಕಣಕ್ಕಾ" ಎಂದು ಮಾಚ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. "ನಡಿ ಮನೆಗೆ."