ಇದ್ದಿಲು ಚಿತ್ರದ ಬೆಳಕು

"ಗುರುಗಳೇ, ಕಾಣದ ದೇಶದ ಒಬ್ಬಳ ಕಷ್ಟಕ್ಕೆ ಕಣ್ಣು ತುಂಬಿದರೆ ಅದು ಕರುಣೆಯಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಬೆಳಿಗ್ಗೆಯೇ ಮಠದಿಂದ ಪೇಟೆಗೆ ಹೋಗಿದ್ದ. ಅಲ್ಲಿ ಫ್ರಾನ್ಸ್ ದೇಶದ ಹಳೆಯ ಇದ್ದಿಲು ಚಿತ್ರವೊಂದನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಕಪ್ಪು ಬಯಲು, ಸೌದೆಗೆ ಬಾಗಿದ ಒಂಟಿ ಹೆಂಗಸು, ಅವಳ ಹಿಂದೆ ಆಕಾಶದಲ್ಲಿ ಒಂದು ಪಟ್ಟಿ ಬೆಳಕು. ಆ ಬೆಳಕಿನ ಮುಂದೆ ನಿಂತು ಅತ್ತು, ಹೊತ್ತು ಇಳಿದ ಮೇಲೆ ಮರಳಿದ್ದ. ಮಠದ ದಾಸೋಹದ ಮನೆಗೆ ಆಗಲೇ ಬೀಗ ಬಿದ್ದಿತ್ತು.

ಗುರುಗಳು ಹೇಳಿದರು:

ಆ ದೇಶದಲ್ಲಿ ಒಬ್ಬ ಚಿತ್ರಕಾರನಿದ್ದ. ಬಯಲಿನಲ್ಲಿ ಅವನಿಗೆ ಸೌದೆ ಆಯುವ ಹೆಂಗಸೊಬ್ಬಳು ಕಂಡಳು. ಬಾಗಿದ ಹಾಗೆಯೇ ನಿಲ್ಲು ಎಂದ, ನಿಂತಳು. ಹಿಂದಿನ ದಿನದಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವನ ತೊಡೆಯ ಮೇಲೆ ಬ್ರೆಡ್ಡಿನ ದೊಡ್ಡ ತುಂಡೊಂದಿತ್ತು. ನಿಂತದ್ದಕ್ಕೆ ಅದೇ ಕೂಲಿ ಎಂದು ಅವಳು ತಿಳಿದಳು.

ಅವನು ಮೊದಲು ಹಾಳೆಗೆಲ್ಲ ಇದ್ದಿಲು ಬಳಿದ. ಅನಂತರ ಬ್ರೆಡ್ಡಿನ ಮೆತ್ತನೆಯ ತಿರುಳನ್ನು ಕಿತ್ತು, ಉಂಡೆ ಮಾಡಿ, ಕಪ್ಪನ್ನು ಒರೆಸತೊಡಗಿದ. ಒರೆಸಿದಲ್ಲಿ ಹಾಳೆಯ ಬಿಳುಪು ಎದ್ದು ಬಂತು. ಇದ್ದಿಲಿನಲ್ಲಿ ಬರೆಯುವವರು ಆಗ ಹೀಗೆಯೇ ಅಳಿಸುತ್ತಿದ್ದರು. ಅವಳಿಗೆ ಅದು ಗೊತ್ತಿರಲಿಲ್ಲ.

"ಒಡೆಯಾ, ಊಟವನ್ನು ಹಾಳೆಗೆ ತಿಕ್ಕುತ್ತಿದ್ದೀರಲ್ಲ?"

"ಇದು ಊಟವಲ್ಲ, ತಾಯಿ. ಬೆಳಕು."

"ಹಾಗಾದರೆ ನನಗೂ ಒಂದು ತುತ್ತು ಬೆಳಕು ಕೊಡಿ."

ಅವನು ನಕ್ಕ. ಮಾತು ಅವನಿಗೆ ಹಿಡಿಸಿತು. "ಅಲುಗಬೇಡ, ಆ ಬಾಗು ಚೆನ್ನಾಗಿದೆ" ಎಂದ. ಚಿತ್ರದ ಆಕಾಶ ಇನ್ನೂ ಬೆಳಗಬೇಕಿತ್ತು. ಅದು ಸಾಕಷ್ಟು ಬೆಳಗುವ ಹೊತ್ತಿಗೆ ಬ್ರೆಡ್ಡು ಮುಗಿದಿತ್ತು.

ಅವನು ಕೆಟ್ಟವನೇನಲ್ಲ. ಹಾಳೆ ಹಚ್ಚಿದ ಹಲಗೆಯನ್ನು ಎತ್ತಿಕೊಳ್ಳುವ ಮೊದಲು ಚಿತ್ರದಲ್ಲಿದ್ದ ಹೆಂಗಸನ್ನು ಒಮ್ಮೆ ನೋಡಿದ. ಅವನ ಕಣ್ಣು ತುಂಬಿತು. ಆಮೇಲೆ ಹೊರಟುಹೋದ. ಬಯಲಿನಲ್ಲಿದ್ದ ಹೆಂಗಸು ನೆಲಕ್ಕೆ ಬಿದ್ದ ಕರಿ ಉಂಡೆಗಳನ್ನು ಆಯ್ದು, ಉಗುರಿನಿಂದ ಮಸಿ ಕೆರೆದು, ಬಾಯಿಗೆ ಹಾಕಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

"ಅವನದು ಕರುಣೆಯಲ್ಲ" ಎಂದ ಶಿಷ್ಯ. ಅವನ ದನಿ ಗಡುಸಾಗಿತ್ತು. "ಬ್ರೆಡ್ಡು ಅವನ ಕೈಯಲ್ಲೇ ಇತ್ತು."

"ಇಂದು ದಾಸೋಹದಲ್ಲಿ ಸೌಟು ಹಿಡಿಯುವ ಸರದಿ ನಿನ್ನದಾಗಿತ್ತು. ಬಡಿಸುವವರಿಲ್ಲದೆ ಪಂಕ್ತಿ ಬರಿಯ ಎಲೆ ಬಿಟ್ಟು ಹಸಿದೇ ಎದ್ದುಹೋಯಿತು" ಎಂದರು ಗುರುಗಳು.