ಎರಡು ಸಲ ಬಿದ್ದ ಉಪ್ಪು

ಮಂಟಿಪುರದ ಕ್ರೈಸ್ತ ದೇವಾಲಯದ ಪಕ್ಕದಲ್ಲಿ, ಪಾದ್ರಿಗಳು ಇರಲೆಂದು ಕಟ್ಟಿದ ಒಂದೇ ಕೋಣೆಯ ಗುರುಮನೆಯಿತ್ತು. ಒಂದು ಹಗ್ಗದ ಮಂಚ, ಗೋಡೆಗೆ ಒರಗಿಸಿದ ಸೈಕಲ್ಲು, ಬಾಗಿಲ ಬಳಿ ನೀರಿನ ಹೂಜಿ, ಇಷ್ಟೇ ಆಸ್ತಿ. ಅಲ್ಲಿ ಹದಿನೆಂಟು ವರ್ಷ ವಾಸವಾಗಿದ್ದ ಪೂಜ್ಯ ಇನ್ನಾಸಪ್ಪ ಸ್ವಾಮಿಗಳ ಮಹಿಮೆಯನ್ನು ಭಕ್ತರು ನಾನಾ ಬಗೆಯಲ್ಲಿ ಹೇಳುತ್ತಾರೆ. ಜ್ವರ ಬಿಟ್ಟಿತಂತೆ, ಬತ್ತಿದ ಬಾವಿಯಲ್ಲಿ ನೀರು ಬಂತಂತೆ. ಇದ್ದೀತು. ಆದರೆ ಚೌರಪ್ಪನ ನಾಲಿಗೆಯನ್ನು ಹದಿನೆಂಟು ವರ್ಷ ನಗುನಗುತ್ತಾ ತಡೆದುಕೊಂಡರಲ್ಲ, ನನ್ನನ್ನು ಕೇಳಿದರೆ ಅದೇ ದೊಡ್ಡ ಪವಾಡ.

ಚೌರಪ್ಪ ಸ್ವಾಮಿಗಳ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಜ್ಞಾನೋಪದೇಶ ಕಲಿತವರು. ಒಬ್ಬರು ಗುರುಗಳಾದರು, ಇನ್ನೊಬ್ಬ ಮೈಸೂರಿನ ಹಾಸ್ಟೆಲೊಂದರಲ್ಲಿ ಅಡುಗೆಯವನಾಗಿ, ವಯಸ್ಸಾದ ಮೇಲೆ ಹೆಂಡತಿಯ ಊರಾದ ಮಂಟಿಪುರಕ್ಕೆ ಬಂದು ನೆಲೆಸಿದ. ಕೈ ಬಂಗಾರ, ಬಾಯಿ ಮಾತ್ರ ಅಬ್ಬಬ್ಬಾ! ಪೂಜೆ ಮುಗಿದು ಜನ ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದ. "ಪ್ರಸಂಗ ಉದ್ದ ಆಯ್ತು ಸ್ವಾಮಿ. ಅರ್ಧ ಊರು ತೂಕಡಿಸ್ತಿತ್ತು." ಹತ್ತು ಜನ ಕೇಳುವ ಹಾಗೆಯೇ ಹೇಳುತ್ತಿದ್ದ. ಸ್ವಾಮಿಗಳು "ಹೌದಾ ಚೌರಪ್ಪ? ನೋಡೋಣ" ಎನ್ನುತ್ತಿದ್ದರು. ಮುಂದಿನ ವಾರ ಪೂಜೆಯ ನಡುವಿನ ಉಪದೇಶ ನಿಜವಾಗಿಯೂ ಚಿಕ್ಕದಾಗಿರುತ್ತಿತ್ತು.

ಒಂದು ವರ್ಷ ಮಾತ್ರ ಚೌರಪ್ಪನ ಮಾತಿನಲ್ಲಿ ವಿಷ ಸೇರಿತು. ಕ್ರಿಸ್ಮಸ್ ಕಳೆದ ಮೇಲೆ ಅವನ ಹೆಂಡತಿ ಜ್ಞಾನಮ್ಮ ತೀರಿಕೊಂಡಿದ್ದಳು. ಸಾಯುವವರ ಹಣೆಗೆ ಗುರುಗಳು ಹಚ್ಚುವ ಪವಿತ್ರ ತೈಲಕ್ಕಾಗಿ ಕೊನೆಯ ಉಸಿರಿನವರೆಗೂ ಬಾಗಿಲು ನೋಡಿದಳು. ಅಂದು ಪಕ್ಕದ ಊರಿಗೆ ಹೋಗಿದ್ದ ಸ್ವಾಮಿಗಳಿಗೆ ಹೇಳಿಕಳಿಸಿದ್ದರು. ಅವರು ಬಂದಾಗ ಆಕೆಯ ಕಣ್ಣು ಮುಚ್ಚಿ ಹತ್ತು ನಿಮಿಷವಾಗಿತ್ತು.

ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ ಸ್ವಾಮಿಗಳು ಕುರಿ ಕಾಯುವವನ ಕುರಿತು ಹೇಳುತ್ತಿದ್ದಾಗ ಚೌರಪ್ಪ ಎದ್ದು ನಿಂತ. "ಕುರಿ ಸಾಯೋವಾಗ ಬಾರದೇ ಇದ್ದೋರು ಇದನ್ನೆಲ್ಲ ಹೇಳಬೇಡಿ. ಹೊಟ್ಟೆಪಾಡಿಗೆ ಆ ಅಂಗಿ ತೊಟ್ಟಿದ್ದೀರಿ ನೀವು!"

ಸ್ವಾಮಿಗಳು ಒಂದು ಕ್ಷಣ ತಲೆ ತಗ್ಗಿಸಿ ನಿಂತು ಪೂಜೆ ಮುಂದುವರಿಸಿದರು.

ಅಂದೇ ಸಂಜೆ ಊರ ಯಜಮಾನ ಮರಿದಾಸಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಗುರುಮನೆಗೆ ಬಂದ. ಶುಭ ಶುಕ್ರವಾರ ಉಪವಾಸವಿದ್ದ ಊರಿಗೆಲ್ಲ ನಡುಹಗಲು ಗಂಜಿ ಬಡಿಸುವುದು ಮಂಟಿಪುರದ ಪದ್ಧತಿ. ಅದನ್ನು ಕಾಯಿಸುವ ಗೌರವ ಹಲವು ವರ್ಷಗಳಿಂದ ಚೌರಪ್ಪನದು. "ಈ ಸಲ ಅವನ ಕೈಗೆ ಸೌಟು ಕೊಡಕೂಡದು ಸ್ವಾಮಿ. ಅಂಗಳಕ್ಕೂ ಕಾಲಿಡಬಾರದು ಅವನು" ಎಂದ ಮರಿದಾಸಪ್ಪ.

"ಅವನು ಬೈದದ್ದು ನನ್ನನ್ನು. ಗಂಜಿ ಕಾಯಿಸೋದು ಊರಿಗೆ" ಎಂದರು ಸ್ವಾಮಿಗಳು. "ಅವನೇ ಕಾಯಿಸಲಿ."

ಚೌರಪ್ಪನಿಗೆ ಈ ಮಾತು ತಲುಪಿತು. ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ಬೈದವನಿಗೆ ತಿರುಗಿ ಬೈಯದವರನ್ನು ಕಂಡರೆ ಅವನಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಆದರೂ ಶುಕ್ರವಾರ ಬೆಳಿಗ್ಗೆ ಹಂಡೆ ಏರಿಸಿದ. ಆ ಸೌಟೂ ಕೈತಪ್ಪಿದರೆ ಊರಿನಲ್ಲಿ ಅವನಿಗೆ ಉಳಿಯುವುದೇನು? ಭಾನುವಾರದಿಂದ ಯಾರೂ ಅವನೊಡನೆ ಮಾತಾಡಿರಲಿಲ್ಲ.

ಊರೆಲ್ಲ ಸ್ವಾಮಿಗಳ ಹಿಂದೆ, ಹದಿನಾಲ್ಕು ಸ್ಥಳಗಳಲ್ಲಿ ನಿಂತು ನಿಂತು ಶಿಲುಬೆಯ ಹಾದಿಯ ಹಾಡು ಹೇಳುತ್ತಾ ದಿಬ್ಬ ಹತ್ತಿತು. ಪ್ರತಿ ವರ್ಷ ಚೌರಪ್ಪ ಗಂಜಿ ತಿರುವುತ್ತಿದ್ದ, ಉಪ್ಪು ಹಾಕುವವಳು ಜ್ಞಾನಮ್ಮ. ಹನ್ನೆರಡನೆಯ ಸ್ಥಳದ ಹಾಡು, ಪ್ರಭುಗಳು ಪ್ರಾಣ ಬಿಡುವ ಹಾಡು, ದಿಬ್ಬದಿಂದ ಕೇಳಿಬಂದಾಗ ಹಾಕುತ್ತಿದ್ದಳು. ಅದೇ ಅವಳ ಗಡಿಯಾರ. ಈ ಸಲ ಮರೆತುಬಿಟ್ಟೇನು ಎಂಬ ಭಯಕ್ಕೆ ಚೌರಪ್ಪ ಮುಂಚೆಯೇ ಉಪ್ಪು ಹಾಕಿಬಿಟ್ಟ. ಸ್ವಲ್ಪ ಹೊತ್ತಿಗೆ ಆ ಹಾಡು ಗಾಳಿಯಲ್ಲಿ ತೇಲಿಬಂತು. ಅವನ ಕಣ್ಣು ಮಂಜಾಯಿತು. ಹೆಂಡತಿ ಕೂರುತ್ತಿದ್ದ ಕಲ್ಲಿನ ಕಡೆ ನೋಡಿದ. ಕೈ ತಾನಾಗಿ ಡಬ್ಬಿಗೆ ಹೋಯಿತು, ಬೊಗಸೆ ತುಂಬ ಹರಳುಪ್ಪು ಹಂಡೆಗೆ ಬಿತ್ತು.

ಬಿದ್ದ ಮೇಲೆ ಎಚ್ಚರವಾಯಿತು. ಸೌಟು ತೆಗೆದು ನಾಲಿಗೆಗೆ ಇಟ್ಟುಕೊಂಡ. ಅಯ್ಯೋ ದೇವರೇ! ಬಾಯಿಗಿಡುವ ಹಾಗಿರಲಿಲ್ಲ.

ಜನ ದಿಬ್ಬ ಇಳಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ಸ್ವಾಮಿಗಳು ಬಂದರು. ಮೊದಲ ಸೌಟು ಗುರುಗಳು ರುಚಿ ನೋಡಿ ಆಶೀರ್ವದಿಸಬೇಕು, ಆಮೇಲೆ ಊರಿಗೆ. ಚೌರಪ್ಪ ಬಟ್ಟಲು ಚಾಚಿದ. ಊರಿನವರ ತಪ್ಪನ್ನೆಲ್ಲ ಹತ್ತು ಜನರ ಮುಂದೆ ಎತ್ತಿ ಆಡಿದವನು ಈಗ ತನ್ನ ಸರದಿಗೆ ಕಾದು ನಿಂತ.

ಸ್ವಾಮಿಗಳು ಒಂದು ಗುಟುಕು ಕುಡಿದರು. ಮುಖ ಕಿವುಚಲಿಲ್ಲ. ಗೆಳೆಯನ ಕಿವಿಯ ಹತ್ತಿರ ಬಾಗಿ, ಅವನೊಬ್ಬನಿಗೇ ಕೇಳುವ ಹಾಗೆ ಹೇಳಿದರು: "ಉಪ್ಪು ಎರಡು ಸಲ ಬಿದ್ದಿದೆ ಕಣೋ. ಬಾ, ಸರಿ ಮಾಡೋಣ."

ಆಮೇಲೆ ಜನರ ಕಡೆ ತಿರುಗಿ, "ಗಂಜಿ ಇನ್ನೂ ಆಗಬೇಕು. ಕೂತು ಒಂದು ಜಪಮಾಲೆ ಹೇಳಿ" ಎಂದರು. ನಿಲುವಂಗಿ ಎತ್ತಿ ಸೊಂಟಕ್ಕೆ ಕಟ್ಟಿದರು, ಗುರುಮನೆಯಲ್ಲಿದ್ದ ಅಕ್ಕಿನುಚ್ಚಿನ ಚೀಲ ಹೊತ್ತು ತಂದರು, ಬಾವಿಯಿಂದ ತಾವೇ ನೀರು ಸೇದಿದರು. ಎರಡನೆಯ ಹಂಡೆ ಒಲೆ ಏರಿತು. ಅರ್ಧ ಗಂಜಿ ಅದಕ್ಕೆ ಬಗ್ಗಿಸಿ, ಎರಡಕ್ಕೂ ನೀರು, ನುಚ್ಚು ಸುರಿದು, ಇಬ್ಬರು ಮುದುಕರೂ ಹೊಗೆಯಲ್ಲಿ ಕೆಮ್ಮುತ್ತಾ ತಿರುವತೊಡಗಿದರು.

ತಿರುವುತ್ತಲೇ ಸ್ವಾಮಿಗಳು ಅಂದರು: "ಭಾನುವಾರ ನೀನು ಹೇಳಿದ್ದರಲ್ಲಿ ಅರ್ಧ ನಿಜ ಚೌರಪ್ಪ. ಹೊಟ್ಟೆಪಾಡಿಗೆ ಅಂಗಿ ತೊಡಲಿಲ್ಲ. ಆದರೆ ಜ್ಞಾನಮ್ಮನ ಸುದ್ದಿ ಬಂದಾಗ ಎಲೆಯ ಮುಂದೆ ಕೂತಿದ್ದೆ. ಇನ್ನೂ ಹೊತ್ತಿದೆ ಅಂದುಕೊಂಡು ಊಟ ಮುಗಿಸಿ ಎದ್ದೆ. ತಪ್ಪು ನನ್ನದೇ. ಅವತ್ತಿನಿಂದ ನಡುಹಗಲ ಊಟ ಗಂಟಲಲ್ಲಿ ಇಳಿಯೋದಿಲ್ಲ."

ತನ್ನ ಹೆಂಡತಿಗಾಗಿ ಇನ್ನೊಬ್ಬರೂ ಮೂರು ತಿಂಗಳಿಂದ ಹಸಿದಿದ್ದಾರೆಂದು ಚೌರಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. ಸ್ವಾಮಿಗಳು ಅವನ ಕೈಯಿಂದ ಸೌಟು ತೆಗೆದುಕೊಂಡು, ತಳ ಹತ್ತದಂತೆ ತಿರುವುತ್ತಾ ನಿಂತರು.

ಗಂಜಿ ಹದವಾಯಿತು. ಬಡಿಸುವ ಮುನ್ನ ಚೌರಪ್ಪ ತಾನಾಗಿ ಜನರ ಮುಂದೆ ನಿಂತ. "ಉಪ್ಪು ಎರಡು ಸಲ ಹಾಕಿ ಕೆಡಿಸಿದೋನು ನಾನು, ಸರಿ ಮಾಡಿದೋರು ಸ್ವಾಮಿಗಳು. ಭಾನುವಾರ ನಾನು ಆಡಿದ ಮಾತೂ ಹಾಗೇ, ಬಾಯಿಗೆ ಇಡೋ ಹಾಗಿರಲಿಲ್ಲ. ಕ್ಷಮಿಸಿ." ಯಜಮಾನ ಮರಿದಾಸಪ್ಪ ಮೊದಲ ಬಟ್ಟಲು ತಾನೇ ಚಾಚಿದ.

ಚೌರಪ್ಪ ತಪ್ಪು ಹುಡುಕುವುದನ್ನು ಬಿಟ್ಟನೆಂದು ತಿಳಿಯಬೇಡಿ, ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋದೀತೇ? ಆದರೆ ಅಂದಿನಿಂದ ದೇವಾಲಯದ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಗುರುಮನೆಗೆ ಬಂದು, ಸ್ವಾಮಿಗಳ ಕಿವಿಯ ಹತ್ತಿರ ಬಾಗಿ, "ಇವತ್ತೂ ಉದ್ದ ಆಯ್ತು ಕಣೋ ಇನ್ನಾಸಿ" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು.

ಮುಂದಿನ ವರ್ಷದ ಶುಭ ಶುಕ್ರವಾರ ಹನ್ನೆರಡನೆಯ ಸ್ಥಳದ ಹಾಡು ಕೇಳಿಬಂದಾಗ ಚೌರಪ್ಪ ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ಸ್ವಾಮಿಗಳು ದಿಬ್ಬ ಇಳಿದು ಬರುವವರೆಗೂ ಕಾದು, ಡಬ್ಬಿಯನ್ನು ಅವರ ಕೈಗಿಟ್ಟ. "ಇದು ಜ್ಞಾನಮ್ಮನ ಕೆಲಸ. ಇನ್ನು ಮೇಲೆ ನಿಮ್ಮದು. ನೀವು ತಡವಾಗಿ ಬಂದರೂ ಕಾಯ್ತೀನಿ."

ಸ್ವಾಮಿಗಳು ಶಿಲುಬೆಯ ಗುರುತು ಹಾಕಿಕೊಂಡು ಉಪ್ಪು ಹಾಕಿದರು. ಚೌರಪ್ಪ ಬಟ್ಟಲು ತುಂಬಿ, ಹೆಂಡತಿ ಕೂರುತ್ತಿದ್ದ ಕಲ್ಲನ್ನು ಟವೆಲಿನಿಂದ ಒರೆಸಿ ಅವರನ್ನು ಅಲ್ಲಿ ಕೂರಿಸಿದ. "ಉಣ್ಣಿ ಸ್ವಾಮಿ" ಎಂದ. "ಅವಳು ಬೇಜಾರು ಮಾಡಿಕೊಳ್ಳಲ್ಲ."

ಹದಿನೈದು ತಿಂಗಳ ಮೇಲೆ ಅಂದು ಸ್ವಾಮಿಗಳು ನಡುಹಗಲಲ್ಲಿ ಹೊಟ್ಟೆ ತುಂಬ ಉಂಡರು.